ಅಜ್ಜಿಯ ಗಡಿಯಾರದಲ್ಲಿ ಆರೂ ಹತ್ತು

ಶನಿವಾರ ರಾತ್ರಿ ಎಂಟಕ್ಕೆ ಚರ್ಚಿನ ಗಂಟೆ ಬಾರಿಸಿತೆಂದರೆ ಸಾಕು, ಆ ಮನೆಯ ಗಡಿಯಾರಗಳೆಲ್ಲ ಒಂದೊಂದಾಗಿ ಬಾಯಿ ಮುಚ್ಚುತ್ತಿದ್ದವು. ಮುಚ್ಚಿಸುತ್ತಿದ್ದವರು ಅಪ್ಪ. ನಡುಮನೆಯ ಗಡಿಯಾರದ ಲೋಲಕವನ್ನು ಎರಡೇ ಬೆರಳಲ್ಲಿ ಹಿಡಿದು, ಅಳುವ ಮಗುವನ್ನು ಸಮಾಧಾನ ಮಾಡುವ ಹಾಗೆ ನಿಲ್ಲಿಸುತ್ತಿದ್ದರು. ಕೋಣೆಯ ಅಲಾರಂ ಗಡಿಯಾರದ ಸೆಲ್ಲು ಕಿತ್ತಿಡುತ್ತಿದ್ದರು. ಕೈಗಡಿಯಾರಗಳು, ಫೋನುಗಳು ಅದಕ್ಕೂ ಮೊದಲೇ ಬಿಸ್ಕತ್ತಿನ ಡಬ್ಬಿಯಲ್ಲಿ ಕೂತು, ಬೀದಿ ತುದಿಯ ಅಂಗಡಿಗೆ ಹೋಗಿ ಬೀಗದೊಳಗೆ ಸೇರಿಬಿಟ್ಟಿರುತ್ತಿದ್ದವು. ಮನೆಯಲ್ಲೇ ಇದ್ದರೆ ಯಾರ ಕೈಯೂ ಸುಮ್ಮನಿರುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು.

ಅಪ್ಪನದು ಗಡಿಯಾರ ರಿಪೇರಿ ಅಂಗಡಿ. "ಆರು ದಿನ ಟೈಮಿನ ಹೊಟ್ಟೆ ಬಿಚ್ಚಿ ಕೂತಿರ್ತೀನಿ. ಒಂದು ದಿನ ಅದರ ಮುಖ ನೋಡಲ್ಲ. ನನ್ನಂಥವನಿಗೆ ಟೈಮ್ ನೋಡೋದೂ ಕೆಲಸವೇ," ಎನ್ನುತ್ತಿದ್ದರು. ಸಬ್ಬತ್, ಅಂದರೆ ದೇವರಿಗೆ ಮೀಸಲಾದ ವಿಶ್ರಾಂತಿಯ ದಿನ, ಈ ಕುಟುಂಬಕ್ಕೆ ಶನಿವಾರ ರಾತ್ರಿ ಎಂಟರಿಂದ ಭಾನುವಾರ ರಾತ್ರಿ ಎಂಟರವರೆಗೆ. ಅಷ್ಟು ಹೊತ್ತು ಒಲೆ ಹಚ್ಚುವಂತಿಲ್ಲ, ಶನಿವಾರ ಮಾಡಿಟ್ಟದ್ದನ್ನೇ ತಣ್ಣಗೆ ತಿನ್ನಬೇಕು. ಚಹಾ ಕೂಡ ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಾದದ್ದೇ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅಮ್ಮನ ಮಿಷನ್ನಿಗೆ ಬಿಳಿ ದುಪ್ಪಟಿ ಹೊದಿಸಬೇಕು. ಉಳಿದದ್ದಕ್ಕೆಲ್ಲ ಅಪ್ಪನ ತೀರ್ಪು. ಇಸ್ತ್ರಿ? ಅದೂ ಕೆಲಸವೇ. ಓಡುವುದು? ಅದೂ ಕೆಲಸವೇ. ಶಿಳ್ಳೆ ಹಾಕುವುದು? ಅಪ್ಪ ಅರ್ಧ ನಿಮಿಷ ಯೋಚಿಸಿ, "ಸ್ತುತಿ ಗೀತೆ ಆದ್ರೆ ಪರವಾಗಿಲ್ಲ," ಎಂದಿದ್ದರು.

ಅಪ್ಪನ ತೀರ್ಪಿಗೆ ಬಗ್ಗದೆ ಉಳಿದಿದ್ದುದು ಒಂದೇ ಒಂದು, ಅಡುಗೆಮನೆಯಲ್ಲಿದ್ದ ಅಜ್ಜಿಯ ಕೀಲಿ ಗಡಿಯಾರ. "ಅದು ನನ್ನ ಮದುವೇಲಿ ಬಂದಿದ್ದು ಕಣೋ. ನಿಮ್ಮಪ್ಪನೇ ಅದನ್ನ ಮುಟ್ಟೋಕೆ ಹೆದರ್ತಿದ್ರು, ನೀನ್ಯಾವ ಲೆಕ್ಕ?" ಎಂದು ಅಜ್ಜಿ ಒಮ್ಮೆ ಹೇಳಿದ ಮೇಲೆ ಅಪ್ಪ ಆ ಕಡೆ ತಲೆ ಹಾಕಿರಲಿಲ್ಲ.

ಇನ್ನು ಮಗಳು. ಕಾಲೇಜಿನ ಎರಡನೇ ವರ್ಷ. ಮನೆಯಲ್ಲಿ ಎಲ್ಲರೂ ಕರೆಯುವುದು ಬುಗುರಿ. ಹೆಸರಿಟ್ಟದ್ದು ಅಜ್ಜಿಯೇ. ನಿಂತಲ್ಲಿ ನಿಲ್ಲುವವಳಲ್ಲ, ಕೂತಲ್ಲಿ ಕೂರುವವಳಲ್ಲ, ಊಟಕ್ಕೆ ಕೂತರೂ ಒಂದು ಕಾಲು ಮೇಜಿನ ಕೆಳಗೆ ತಾಳ ಹಾಕುತ್ತಿರುತ್ತದೆ. ಈವರೆಗೆ ಒಂದು ಸಬ್ಬತ್ತನ್ನೂ ಅವಳು ಪೂರ್ತಿ ಮುಟ್ಟಿಸಿದವಳಲ್ಲ.

ಈ ಸಲ ಮಾತ್ರ ಮುಟ್ಟಿಸಲೇಬೇಕಿತ್ತು. ಅವಳ ಕಾಲೇಜಿನ ಹಾಡುಗಾರರ ತಂಡ ಬೇರೆ ಊರಿನ ಸ್ಪರ್ಧೆಗೆ ಹೊರಟಿತ್ತು. ಮೂರು ದಿನ, ರೈಲು, ಹನ್ನೊಂದು ಜನ ಗೆಳತಿಯರು, ಒಂದೇ ಕೋಣೆ! ನೆನೆಸಿಕೊಂಡರೇ ಅವಳ ಎರಡೂ ಕಾಲು ಒಟ್ಟಿಗೇ ತಾಳ ಹಾಕುತ್ತಿದ್ದವು. ತಂದೆಯ ಸಹಿ ಇರುವ ಒಪ್ಪಿಗೆ ಪತ್ರವನ್ನು ಸೋಮವಾರ ಬೆಳಿಗ್ಗೆ ಕೊಡಬೇಕು. ಪತ್ರ ನೋಡಿ ಅಪ್ಪ ಕನ್ನಡಕ ಮೇಲೆತ್ತಿದ್ದರು.

"ಮೂರು ದಿನ ಹೊರಗಡೆ ಜವಾಬ್ದಾರಿಯಿಂದ ಇರ್ತೀಯಾ ನೀನು?"

"ಇರ್ತೀನಿ ಅಪ್ಪ!"

"ಮನೇಲಿ ಒಂದು ದಿನ ಇರೋಕಾಗಲ್ಲ ನಿಂಗೆ. ಸರಿ, ಒಂದು ಕೆಲಸ ಮಾಡು. ಒಂದೇ ಒಂದು ಸಬ್ಬತ್ತು. ಎಂಟರಿಂದ ಎಂಟು. ಓಡಬಾರದು, ಕೂಗಬಾರದು, ಕುಣಿಯಬಾರದು. ಪೂರ್ತಿ ಮಾಡಿದ್ರೆ ಆ ಕ್ಷಣವೇ ಸಹಿ. ಮಧ್ಯ ಮುರಿದ್ರೆ ಸಹಿಯ ಮಾತೇ ಎತ್ತಕೂಡದು."

"ಅಷ್ಟೇನಾ? ಆಯ್ತು ಬಿಡಿ," ಎಂದಳು ಬುಗುರಿ, ಆಗಲೇ ಒಂಟಿ ಕಾಲಲ್ಲಿ ಕುಣಿಯುತ್ತ.

ಶನಿವಾರ ರಾತ್ರಿ ಹೇಗೋ ಕಳೆಯಿತು. ಭಾನುವಾರ ಬೆಳಿಗ್ಗೆ ಫೋನಿಲ್ಲದ ಹೆಬ್ಬೆರಳು ತಾನಾಗಿ ಆಡತೊಡಗಿತು. ಸ್ನಾನದ ಮನೆಯಲ್ಲಿ ಸೋಪಿನ ಮೇಲೆ ಗೆಳತಿಗೆ ಎರಡು ಸಾಲು ಬರೆದೇ ಬಿಟ್ಟಳು. ನೆನಪಾಗಿ ನಾಲಿಗೆ ಕಚ್ಚಿಕೊಂಡು ನೀರು ಹುಯ್ದಳು. ಸೋಪಿನ ಮೇಲೆ ಬರೆದದ್ದು ಕೆಲಸವೋ ಅಲ್ಲವೋ ಎಂದು ಅಪ್ಪನನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಚರ್ಚಿನಲ್ಲಿ ಆವತ್ತು ಅಪ್ಪನದೇ ಸಾಕ್ಷಿ, ಅಂದರೆ ದೇವರು ತಮಗೆ ಮಾಡಿದ ಒಳ್ಳೆಯದನ್ನು ಎಲ್ಲರ ಮುಂದೆ ಹೇಳುವ ಸರದಿ. ಎದ್ದು ನಿಂತು, ಎಡಗೈಯ ತೋಳು ಸರಿಸಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ವಾಚು ಕಟ್ಟುವ ಜಾಗದಲ್ಲಿ ಬಿಳಿಯ ಪಟ್ಟಿ.

"ನೋಡಿ, ಇಪ್ಪತ್ತೆರಡು ವರ್ಷದಿಂದ ಸಬ್ಬತ್ ದಿನ ಈ ಕೈ ಖಾಲಿ. ನನ್ನ ಅಂಗಡಿ ಶಟರು ಒಂದು ಭಾನುವಾರವೂ ಮೇಲೆ ಹೋಗಿಲ್ಲ. ನನ್ನ ಟೈಮನ್ನ ದೇವರೇ ನೋಡ್ಕೋತಾನೆ!"

ಹಿಂದಿನ ಸಾಲಿನಲ್ಲಿದ್ದ ಬೇಕರಿಯವನು, "ನನ್ನ ವಾಚು ಎರಡು ತಿಂಗಳಿಂದ ದೇವರೇ ನೋಡ್ಕೋತಿದಾನೆ, ಅದಕ್ಕೇ ರಿಪೇರಿ ಆಗಿಲ್ಲ," ಎಂದು ಪಿಸುಗುಟ್ಟಿದ. ಬುಗುರಿ ಉಕ್ಕಿದ ನಗುವನ್ನು ಕೆಮ್ಮಿನ ಹಾಗೆ ಮಾಡಿ ನುಂಗಿಕೊಂಡಳು. ಆಮೇಲೆ ಪಾಸ್ಟರು ಪ್ರಸಂಗ ಮಾಡಿದರು. ಸಬ್ಬತ್ ದಿನ ಕುರಿಯೊಂದು ಗುಂಡಿಗೆ ಬಿದ್ದರೆ ನಾಳೆ ನೋಡೋಣ ಎಂದು ಯಾರಾದರೂ ಮನೆಗೆ ಹೋಗುತ್ತಾರೆಯೇ ಎಂದು ಕೇಳಿದರು. ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಕುರಿ ಎತ್ತುವುದು ಕೆಲಸವಲ್ಲ ಎಂದು ಆವತ್ತು ಅವರ ಪಟ್ಟಿಗೆ ಸೇರಿತು.

ಮಧ್ಯಾಹ್ನ ಒಂದು ಕೋಳಿ, ಆಲೂಗಡ್ಡೆ, ಬ್ರೆಡ್ಡು, ಮೇಲೆ ಅಮ್ಮನ ಕೇಕು. ಎಲ್ಲ ತಣ್ಣಗಿದ್ದರೂ ರುಚಿಗೆ ಕೊರತೆಯಿಲ್ಲ. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಅಪ್ಪ ಮೂರು ಸಲ. ಆಮೇಲೆ ಯಾರು ಎಲ್ಲಿ ಬಿದ್ದರೋ ಅಲ್ಲೇ. ಅಪ್ಪ ಸೋಫಾದಲ್ಲಿ, ಅಮ್ಮ ಚಾಪೆಯಲ್ಲಿ, ಅಜ್ಜಿ ತನ್ನ ಕುರ್ಚಿಯಲ್ಲಿ. ಬುಗುರಿ ಮಾತ್ರ ಗೋಡೆಗೆ ಒರಗಿ, 'ನಿದ್ದೆ ಮಾಡಿದರೆ ಟೈಮು ಬೇಗ ಹೋಗುತ್ತೆ, ನಿದ್ದೆ ಬಾ, ನಿದ್ದೆ ಬಾ' ಎಂದು ಜಪ ಮಾಡುತ್ತ ಕೂತಳು. ನಿದ್ದೆ ಬಂತು. ಬಂದದ್ದು ಸಾಮಾನ್ಯ ನಿದ್ದೆಯಲ್ಲ, ಬಂಡೆ ಉರುಳಿದಂಥ ನಿದ್ದೆ.

ಮೊದಲು ಎದ್ದವರು ಅಪ್ಪ. ಕಿಟಕಿಯಲ್ಲಿ ಬೂದು ಬೆಳಕು. ಆಕಾಶದ ತುಂಬ ಮೋಡ. ಗಂಟಲು ಒಣಗಿ ಅಡುಗೆಮನೆಗೆ ನೀರಿಗೆ ಹೋದವರ ಕಣ್ಣು ತಪ್ಪಿ ಅಜ್ಜಿಯ ಗಡಿಯಾರದ ಮೇಲೆ ಬಿತ್ತು. ಆರೂ ಹತ್ತು.

"ಅಯ್ಯಯ್ಯೋ!" ಅಪ್ಪನ ಕೂಗಿಗೆ ಮನೆಯೇ ಬೆಚ್ಚಿತು. "ಏಳ್ರೇ, ಏಳ್ರೇ! ಬೆಳಗಾಗಿದೆ! ರಾತ್ರಿ ಊಟ ಕೂಡ ಮಾಡದೆ ಮಲಗಿಬಿಟ್ಟಿದ್ದೀವಿ! ಸೋಮವಾರ ಕಣ್ರೇ, ಸೋಮವಾರ! ಆರೂ ಹತ್ತು!"

ಅಮ್ಮ ಚಾಪೆಯಿಂದ ಎದ್ದು ಕೂತರು. ಮೈಮೇಲೆ ಚರ್ಚಿಗೆ ಉಟ್ಟ ಸೀರೆ, ಕೂದಲೆಲ್ಲ ಒಂದು ಕಡೆಗೆ. "ರೀ, ಚರ್ಚಿನ ಬಟ್ಟೇಲೇ ಬೆಳಗಿನ ತನಕ ಮಲಗಿದ್ವಾ?"

"ನೋಡು ಮತ್ತೆ, ಎಂಥ ವಿಶ್ರಾಂತಿ!"

"ರಾತ್ರಿ ಊಟ ಇಲ್ಲ, ಆದ್ರೂ ಹೊಟ್ಟೆ ಹಸೀತಾನೇ ಇಲ್ವಲ್ರೀ."

"ಸಬ್ಬತ್ತಿನ ಆಶೀರ್ವಾದ ಕಣೇ ಅದು!" ಎಂದರು ಅಪ್ಪ.

ಹೊತ್ತಿನ ವಿಷಯದಲ್ಲಿ ಅಪ್ಪನ ಮಾತಿಗೆ ಆ ಮನೆಯಲ್ಲಿ ಎದುರಿರಲಿಲ್ಲ. ಗಡಿಯಾರದವನೇ ಬೆಳಿಗ್ಗೆ ಎಂದ ಮೇಲೆ ಬೆಳಿಗ್ಗೆಯೇ. ಬುಗುರಿಗೆ ಕಣ್ಣು ಪೂರ್ತಿ ತೆರೆಯುವ ಮೊದಲೇ ತಲೆಯಲ್ಲಿ ದೀಪ ಹತ್ತಿತು. ಎಂಟು ದಾಟಿದೆ. ಸಬ್ಬತ್ ಮುಗಿದಿದೆ. ತಾನು ಓಡಿಲ್ಲ, ಕೂಗಿಲ್ಲ, ಕುಣಿದಿಲ್ಲ!

"ಮುಟ್ಟಿಸಿದೆ! ಅಪ್ಪಾ, ಮುಟ್ಟಿಸಿಬಿಟ್ಟೆ!" ಎನ್ನುತ್ತ ಸೋಫಾದ ಮೇಲೆ ಹತ್ತಿ ಕುಣಿದಳು. ಇಳಿದು ಅಜ್ಜಿಯ ಕುರ್ಚಿಯ ಸುತ್ತ ಕುಣಿದಳು. ಒಪ್ಪಿಗೆ ಪತ್ರ ತಂದು ಅಪ್ಪನ ಮೂಗಿಗೆ ಹಿಡಿದಳು. "ಸಹಿ! ಸಹಿ! ಸಹಿ!"

"ತಾಳೇ ಮಾರಾಯ್ತಿ, ರೈಲು ಡ್ರೈವರಿಗೆ ಏಳು ಗಂಟೆಗೆ ವಾಚು ಕೊಡ್ತೀನಿ ಅಂದಿದ್ದೆ, ಅವನ ರೈಲು ಹೊರಟುಹೋಗತ್ತೆ," ಎನ್ನುತ್ತಲೇ ಅಪ್ಪ ಗೋಡೆಗೆ ಪತ್ರ ಒತ್ತಿ ಸಹಿ ಹಾಕಿದರು. ಕೆಳಗೆ ಸೋಮವಾರದ ತಾರೀಕನ್ನೂ ಹಾಕಿದರು. "ನೀನು ಇಷ್ಟು ಹೊತ್ತು ತುಟಿಪಿಟಿಕ್ ಅನ್ನದೆ ಇದ್ದೆಯಲ್ಲ, ನಂಗೇ ನಂಬೋಕಾಗ್ತಿಲ್ಲ. ಭೇಷ್!" ಅಂಗಡಿಯ ಬೀಗದ ಕೈ ಹಿಡಿದು, ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಎಳೆಯುತ್ತ ಹೊರಟೇ ಬಿಟ್ಟರು.

ಮನೆಯಲ್ಲಿ ಸೋಮವಾರ ಶುರುವಾಯಿತು. ಅಮ್ಮ ಒಲೆ ಹಚ್ಚಿ ಬಿಸಿಬಿಸಿ ಚಹಾ ಮಾಡಿ ಅಜ್ಜಿಯ ಕೈಗಿಟ್ಟರು. ದುಪ್ಪಟಿ ಎಳೆದೆಸೆದು ಮಿಷನ್ನಿನ ಮುಂದೆ ಕೂತರು. ಹನ್ನೆರಡು ಅಂಗಿ ಆವತ್ತೇ ಶಾಲೆಗೆ ಹೋಗಬೇಕಿತ್ತು. ಮಿಷನ್ನು ಕಟಕಟ ಕಟಕಟ ಎಂದು ಇಡೀ ದಿನದ ಮೌನಕ್ಕೆ ಸೇಡು ತೀರಿಸಿಕೊಂಡಿತು. ಬುಗುರಿ ಒಂದು ಕೈಯಲ್ಲಿ ಇಸ್ತ್ರಿ ಮಾಡಿ, ಇನ್ನೊಂದು ಕೈಯಲ್ಲಿ ಬ್ಯಾಗು ತುಂಬಿ, ಹಲ್ಲುಜ್ಜುತ್ತ ಬಾಲ್ಕನಿಗೆ ಬಂದಳು.

ಬೆಳ್ಳಂಬೆಳಿಗ್ಗೆ ಮಕ್ಕಳೆಲ್ಲ ಬೀದಿಯಲ್ಲಿ ಚೆಂಡಾಡುತ್ತಿದ್ದರು. ಎಷ್ಟು ಒಳ್ಳೆಯ ಮಕ್ಕಳು, ಎಷ್ಟು ಬೇಗ ಎದ್ದಿದ್ದಾರೆ ಎಂದುಕೊಂಡಳು. ಎದುರುಮನೆಯ ದಂಪತಿ ಹೊಸ ಬಟ್ಟೆ ತೊಟ್ಟು, ಐಸ್‌ಕ್ರೀಂ ನೆಕ್ಕುತ್ತ ನಿಧಾನಕ್ಕೆ ನಡೆದು ಬರುತ್ತಿದ್ದರು. ಸೋಮವಾರ ಬೆಳಿಗ್ಗೆ ಐಸ್‌ಕ್ರೀಂ? ಅವಳ ಬ್ರಷ್ಷು ನಿಧಾನವಾಯಿತು. ಅಷ್ಟರಲ್ಲಿ ಮೋಡ ಒಂದಿಷ್ಟು ಸರಿದು ನೀರಿನ ಟ್ಯಾಂಕಿನ ಹಿಂದೆ ಕೆಂಪು ಸೂರ್ಯ ಇಣುಕಿದ. ಆ ಟ್ಯಾಂಕಿನ ಹಿಂದೆ ಸೂರ್ಯ ದಿನಾ ಮುಳುಗುತ್ತಿದ್ದ. ಹುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

ಬ್ರಷ್ಷು ನಿಂತೇ ಹೋಯಿತು.

ಭಾನುವಾರ. ಇನ್ನೂ ಭಾನುವಾರವೇ! ಬೆಳಗಿನ ಆರಲ್ಲ, ಸಂಜೆಯ ಆರು!

ಅವಳಿಗೆ ಮೊದಲು ಬಂದದ್ದು ನಗು. ಆಮೇಲೆ ನೆನಪಾದದ್ದು ಬ್ಯಾಗಿನಲ್ಲಿದ್ದ ಪತ್ರ. ತಾನು ಕುಣಿದಾಗಿತ್ತು, ಕೂಗಿದ್ದಾಗಿತ್ತು, ಇಸ್ತ್ರಿಯನ್ನೂ ಮಾಡಿದ್ದಾಗಿತ್ತು. ಆದರೆ ಸಹಿಯೂ ಆಗಿತ್ತಲ್ಲ! ಬಾಯಿ ಮುಚ್ಚಿಕೊಂಡಿದ್ದರೆ ಅಪ್ಪ ತಾನಾಗಿಯೇ ಬೆಪ್ಪಾಗಿ ಬರುತ್ತಾರೆ. ತಪ್ಪು ಅವರದೇ, ಅವರು ಏನೂ ಹೇಳುವಂತಿಲ್ಲ. ಮೂರು ದಿನ, ರೈಲು, ಹನ್ನೊಂದು ಜನ.

ಆಗ ಮೂರನೆಯದು ನೆನಪಾಯಿತು. ಅಪ್ಪನ ಅಂಗಡಿ ಇರುವುದು ಚರ್ಚಿನ ಗೇಟಿನ ಎದುರಿಗೇ. ಸಂಜೆಯ ಪ್ರಾರ್ಥನೆ ಬಿಡುವುದು ಆರೂವರೆಗೆ. ಬೆಳಿಗ್ಗೆ ಇದೇ ಜನರ ಮುಂದೆ ಅಪ್ಪ ಎತ್ತಿ ಹಿಡಿದ ಆ ಖಾಲಿ ಕೈ, ವಾಚಿನ ಬಿಳಿ ಪಟ್ಟಿ, ಇಪ್ಪತ್ತೆರಡು ವರ್ಷ. ಆ ಕೈಯೇ ಈಗ ಶಟರು ಎತ್ತುತ್ತದೆ. ಬೇಕರಿಯವನು ಇನ್ನು ಇಪ್ಪತ್ತೆರಡು ವರ್ಷ ಅದನ್ನೇ ಹೇಳಿಕೊಂಡು ತಿರುಗುತ್ತಾನೆ.

ಬುಗುರಿ ಬಾಯಿ ತೊಳೆಯಲಿಲ್ಲ. ಚಪ್ಪಲಿ ಹುಡುಕಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು ಓಡಿದಳು. ಬಾಯಿ ತುಂಬ ನೊರೆ, ಕೈಯಲ್ಲಿ ಬ್ರಷ್ಷು. ಚೆಂಡಾಡುತ್ತಿದ್ದ ಮಕ್ಕಳ ನಡುವೆ ನುಗ್ಗಿ, ಐಸ್‌ಕ್ರೀಂ ದಂಪತಿಯನ್ನು ಒಂದು ಸುತ್ತು ತಿರುಗಿಸಿ ಹೋದಳು. "ಏನಾಯ್ತೇ ಹುಡುಗಿ?" ಎಂದು ಅವರು ಕೇಳಿದ್ದಕ್ಕೆ "ಬುರ್ ಬುರ್" ಎಂದಷ್ಟೇ ಉತ್ತರ ಬಂತು.

ಬೀದಿಯ ತುದಿಯಲ್ಲಿ ಅಪ್ಪ, ಇಷ್ಟು ಹೊತ್ತು ಸತಾಯಿಸಿದ ಬೀಗವನ್ನು ಅಂತೂ ತೆಗೆದು ಬಗ್ಗಿದ್ದರು. ಶಟರು ಕರ್ರ್ ಎಂದು ಒಂದು ಗೇಣು ಮೇಲೆದ್ದಿತ್ತು. ಎದುರಿನ ಗೇಟಿನೊಳಗೆ ಕೊನೆಯ ಹಾಡಿನ ಕೊನೆಯ ಸಾಲು. ಕೂಗೋಣವೆಂದರೆ ಬಾಯಲ್ಲಿ ನೊರೆ. ಬುಗುರಿ ಒಂದೇ ನೆಗೆತಕ್ಕೆ ಶಟರಿನ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತುಬಿಟ್ಟಳು. ಶಟರು ದಡಾರೆಂದು ಕೆಳಗೆ ಬಂತು.

"ಏನೇ ಇದು! ಹುಚ್ಚು ಹಿಡೀತಾ?"

ಅವಳು ಪಕ್ಕಕ್ಕೆ ಉಗಿದು, "ಭಾನುವಾರ!" ಎಂದಳು.

"ಏನು ಭಾನುವಾರ?"

"ಇವತ್ತು ಅಪ್ಪಾ! ಇನ್ನೂ ಭಾನುವಾರ! ಇದು ಸಂಜೆ! ನಾವು ಮಧ್ಯಾಹ್ನ ಮಲಗಿ ಸಂಜೆ ಎದ್ದಿದ್ದೀವಿ ಅಷ್ಟೇ!"

ಅಪ್ಪ ಅವಳನ್ನು ನೋಡಿದರು. ಬೀದಿ ನೋಡಿದರು. ಅಭ್ಯಾಸಬಲದಿಂದ ಕೈ ನೋಡಿಕೊಂಡರು. ಅಲ್ಲಿ ಬಿಳಿ ಪಟ್ಟಿ ಮಾತ್ರ ಇತ್ತು. ಅಷ್ಟರಲ್ಲಿ ಗೇಟು ತೆರೆದು ಪಾಸ್ಟರು ಹೊರಗೆ ಬಂದರು, ಅವರ ಹಿಂದೆ ಮೂವತ್ತು ಜನ. ಅಪ್ಪ ತಬ್ಬಿಬ್ಬಾಗಿ ಕೈ ಮೇಲೆತ್ತಿ, "ಗುಡ್ ಮಾರ್ನಿಂಗ್ ಪಾಸ್ಟರ್!" ಎಂದುಬಿಟ್ಟರು.

"ಮಾರ್ನಿಂಗಾ?" ಪಾಸ್ಟರು ಆಕಾಶ ನೋಡಿದರು. ಆಮೇಲೆ ಅಪ್ಪನ ಕೈಯಲ್ಲಿದ್ದ ಬೀಗ, ಶಟರಿನ ಹಿಡಿಯ ಮೇಲೆ ಬರಿಗಾಲಲ್ಲಿ ನಿಂತಿದ್ದ ಬುಗುರಿ, ಅವಳ ಗಲ್ಲದ ನೊರೆ, ಎಲ್ಲವನ್ನೂ ನೋಡಿದರು. "ಏನಮ್ಮ ನಡೀತಿದೆ ಇಲ್ಲಿ?"

ಬುಗುರಿ ಅಪ್ಪನನ್ನು ನೋಡಿದಳು. ಅಪ್ಪನ ಮುಖ ಸೆಲ್ಲು ಕಿತ್ತ ಗಡಿಯಾರದ ಹಾಗಿತ್ತು.

"ಏನಿಲ್ಲ ಪಾಸ್ಟರ್, ಬೆಳಿಗ್ಗೆ ನೀವೇ ಹೇಳಿದ್ರಲ್ಲ," ಎಂದಳು. "ಗುಂಡಿಗೆ ಬಿದ್ದ ಕುರಿನ ಸಬ್ಬತ್ ದಿನ ಎತ್ತಬಹುದು ಅಂತ. ಎತ್ತೋಕೆ ಬಂದೆ."

"ಕುರಿ ಎಲ್ಲಿ?"

ಅಪ್ಪ ಬೀಗದ ಕೈಯನ್ನು ನಿಧಾನಕ್ಕೆ ಜೇಬಿಗಿಳಿಸಿ, "ಇಲ್ಲೇ ಇದೀನಿ," ಎಂದರು.

ಮೊದಲು ಪಾಸ್ಟರ ಹೊಟ್ಟೆ ಅಲುಗಿತು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಬೇಕರಿಯವನಂತೂ ಗೇಟಿಗೆ ಒರಗಿ ಕಣ್ಣೊರೆಸಿಕೊಂಡು, "ಅಣ್ಣ, ಹೇಗೂ ಬಂದಿದ್ದೀರಲ್ಲ, ನನ್ನ ವಾಚೂ ಒಂಚೂರು..." ಎಂದ. "ನಾಳೆ ಬಾರೋ!" ಎಂದರು ಅಪ್ಪ, ಮತ್ತೆ ಬೀಗ ಹಾಕುವುದೂ ಕೆಲಸವೇ ಅಲ್ಲವೇ ಎಂದು ಒದ್ದಾಡುತ್ತ. ಕೊನೆಗೆ ಪಾಸ್ಟರೇ ಬೀಗ ಒತ್ತಿದರು.

ತಂದೆ ಮಗಳು ಮನೆಗೆ ಬಂದಾಗ ಅಮ್ಮ ಮೂರನೇ ಅಂಗಿಯ ಗುಂಡಿ ಹೊಲಿಯುತ್ತಿದ್ದರು. ವಿಷಯ ಕೇಳಿ ಸೂಜಿ ಕೈಯಲ್ಲೇ ಉಳಿಯಿತು.

"ಅಯ್ಯೋ ದೇವರೇ! ಈಗ ಹೊಲಿದಿದ್ದನ್ನೆಲ್ಲ ಬಿಚ್ಚಲಾ?"

"ಬಿಚ್ಚೋದೂ ಕೆಲಸವೇ," ಎಂದರು ಅಪ್ಪ, ದನಿಯಲ್ಲಿ ಜೀವವೇ ಇಲ್ಲದೆ.

ಅಜ್ಜಿ ತನ್ನ ಕುರ್ಚಿಯಲ್ಲಿ ಎರಡನೇ ಲೋಟ ಬಿಸಿ ಚಹಾ ಕುಡಿಯುತ್ತಿದ್ದಳು. ಮುಖದಲ್ಲಿ ಒಂದು ಬಗೆಯ ಬೆಳಕು. ಬುಗುರಿಗೆ ಅನುಮಾನ ಬಂತು.

"ಅಜ್ಜಿ, ನಿಂಗೆ ಗೊತ್ತಿತ್ತಾ?"

"ಏನು?"

"ಇದು ಸಂಜೆ ಅಂತ!"

"ನಾನೇನು ನಿಮ್ಮ ಹಾಗೆ ಹೆಣದ ಥರ ಬಿದ್ದಿದ್ನಾ? ಎಚ್ಚರಾನೇ ಇದ್ದೆ."

"ಮತ್ತೆ ಹೇಳ್ಬಾರದಿತ್ತೇನಮ್ಮ!" ಅಪ್ಪ ಹಣೆ ಚಚ್ಚಿಕೊಂಡರು.

"ಯಾರಾದ್ರೂ ಕೇಳಿದ್ರೇನೋ? ಸಬ್ಬತ್ ದಿನ ನಿಂಗೆ ಬುದ್ಧಿ ಹೇಳೋದೂ ಕೆಲಸವೇ." ಅಜ್ಜಿ ಲೋಟದ ತಳದವರೆಗೂ ಕುಡಿದು ಕೆಳಗಿಟ್ಟಳು. "ಇಪ್ಪತ್ತೆರಡು ವರ್ಷ ಆದ್ಮೇಲೆ ಭಾನುವಾರ ಬಿಸಿ ಚಹಾ ಸಿಕ್ತಪ್ಪ. ಅದಕ್ಕೂ ಕಲ್ಲು ಹಾಕ್ಕೊಳ್ಳಲಾ?"

ಅಮ್ಮ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡರು. ಬುಗುರಿ ನಗಲಿಲ್ಲ. ಬ್ಯಾಗಿನಿಂದ ಪತ್ರ ತೆಗೆದು ಅಪ್ಪನ ಮುಂದಿಟ್ಟಳು.

"ತಗೊಳ್ಳಿ. ಕುಣಿದೆ, ಕೂಗಿದೆ, ಓಡಿದೆ. ಎಂಟಾಗಿಲ್ಲ."

ಅಪ್ಪ ಪತ್ರ ನೋಡಿದರು. ತಮ್ಮದೇ ಸಹಿ, ನಾಳೆಯ ತಾರೀಕು. ಅವಳ ಪಾದ ನೋಡಿದರು, ಬೀದಿಯ ಮಣ್ಣೆಲ್ಲ ಅಲ್ಲೇ ಇತ್ತು.

"ನಿಂಗೆ ಗೊತ್ತಾಗಿದ್ದು ಎಲ್ಲಿ?"

"ಬಾಲ್ಕನೀಲಿ."

"ಆಗ ಪತ್ರ ಎಲ್ಲಿತ್ತು?"

"ಬ್ಯಾಗಲ್ಲಿ."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಕಷ್ಟದ ಗಡಿಯಾರ ಮುಂದಿದ್ದಾಗಲೂ ಹೀಗೇ ಮಾಡುತ್ತಿದ್ದರು. "ನೋಡು, ಗಡಿಯಾರ ಅರ್ಧ ಗಂಟೆ ತಪ್ಪಿದ್ರೆ ನಾನು ಎಸೆಯಲ್ಲ. ಸರಿ ಮಾಡ್ತೀನಿ. ನಾವೆಲ್ಲ ಸೇರಿ ಅರ್ಧ ಗಂಟೆ ಹಾಳು ಮಾಡಿದ್ದೀವಿ. ಅದಕ್ಕೆ ಇವತ್ತು ಸಬ್ಬತ್ತು ಮುಗಿಯೋದು ಎಂಟೂವರೆಗೆ. ಈಗಿಂದ ಅಲ್ಲೀತನಕ ಕೂತ್ರೆ, ಸಹಿ. ಎಲ್ಲರೂ ಕೂರಬೇಕು. ನಾನೂ."

ಎಲ್ಲರೂ ಕೂತರು. ಮಿಷನ್ನಿಗೆ ದುಪ್ಪಟಿ ಬಂತು. ಅಜ್ಜಿ ತನ್ನ ಗಡಿಯಾರವನ್ನು ಅಡುಗೆಮನೆಯಿಂದ ತರಿಸಿಕೊಂಡು ಮಡಿಲಲ್ಲಿಟ್ಟುಕೊಂಡಳು. ಒಬ್ಬರ ಮುಖ ಒಬ್ಬರು ನೋಡಿದರೆ ಕೆಟ್ಟಿತು ಎಂದು ನಾಲ್ಕೂ ಜನ ನಾಲ್ಕು ಗೋಡೆ ನೋಡುತ್ತ ಕೂತರು. ಏಳಾಯಿತು. ಏಳೂವರೆಗೆ ಅಪ್ಪ ತಮ್ಮಷ್ಟಕ್ಕೆ, "ಗುಡ್ ಮಾರ್ನಿಂಗ್ ಪಾಸ್ಟರ್," ಎಂದು ಗೊಣಗಿ ಕಿಸಕ್ಕೆಂದರು. ಅಮ್ಮ ಚಾಪೆಯ ಮೇಲೆ ಮಗುಚಿಬಿದ್ದು ನಕ್ಕರು. ಬುಗುರಿ ದಿಂಬು ಕಚ್ಚಿಕೊಂಡಳು.

"ಅಪ್ಪಾ, ನಗೋದು?"

"ನಗೋದು ಕೆಲಸ ಅಲ್ಲ!" ಅಪ್ಪ ಹೊಟ್ಟೆ ಹಿಡಿದುಕೊಂಡು ತೀರ್ಪು ಕೊಟ್ಟರು.

ಎಂಟಕ್ಕೆ ಚರ್ಚಿನ ಗಂಟೆ ಬಾರಿಸಿತು. ಊರಿಗೆಲ್ಲ ಸಬ್ಬತ್ ಮುಗಿಯಿತು. ಈ ಮನೆಗೆ ಇನ್ನೂ ಮೂವತ್ತು ನಿಮಿಷ. ಆ ಮೂವತ್ತು ನಿಮಿಷದ ಮುಂದೆ ಹಿಂದಿನ ಇಪ್ಪತ್ತನಾಲ್ಕು ಗಂಟೆ ಏನೂ ಅಲ್ಲ. ಬುಗುರಿಯ ಬಲಗಾಲು ನಡುಗಿತು, ಅದನ್ನು ಎಡಗಾಲಿನಿಂದ ಒತ್ತಿ ಹಿಡಿದಳು. ಎಡಗಾಲು ಶುರುಮಾಡಿತು. ಎರಡನ್ನೂ ಎರಡು ಕೈಯಲ್ಲಿ ಹಿಡಿದು, ತನಗೆ ತಾನೇ ಗಂಟು ಹಾಕಿಕೊಂಡವಳ ಹಾಗೆ ಮುದುಡಿ ಕೂತಳು. ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಎಂಟೂ ಇಪ್ಪತ್ತು. ಎಂಟೂ ಇಪ್ಪತ್ತೊಂದು.

ಅಜ್ಜಿ ಕೆಮ್ಮಿದಳು. ಮಡಿಲಿನ ಗಡಿಯಾರವನ್ನು ತಿರುಗಿಸಿ, ಹಿಂದಿನ ಕೀಲಿಗೆ ಎರಡು ಬೆರಳು ಹಾಕಿ, ಕಿರಕ್ ಎನಿಸಿದಳು. ಮುಳ್ಳು ಎಂಟೂವರೆಗೆ ಬಂದು ನಿಂತಿತು.

"ಅಮ್ಮಾ! ಮುಳ್ಳು ತಿರುಗಿಸೋದೂ ಕೆಲಸವೇ!"

"ನಂಗೇನು ಕಲಿಸ್ತೀಯೋ? ಇದು ಆಗಿಂದ ಒಂಬತ್ತು ನಿಮಿಷ ಹಿಂದೆ ಓಡ್ತಿದೆ. ಕುರಿ ಗುಂಡಿಗೆ ಬಿದ್ದಿತ್ತು, ಎತ್ತಿದೆ."

ಗಡಿಯಾರ ರಿಪೇರಿಯ ಅಪ್ಪ ನಡುಮನೆಯ ನಿಂತ ಲೋಲಕದ ಕಡೆ ನೋಡಿದರು. ಮನೆಯಲ್ಲಿ ಬೇರೆ ಗಡಿಯಾರ ಓಡುತ್ತಿರಲಿಲ್ಲ. ಎಂಟರ ಗಂಟೆ ಬಾರಿಸಿದಾಗ ಎಲ್ಲರೂ ಗೋಡೆ ನೋಡುತ್ತಿದ್ದರಿಂದ, ಅಜ್ಜಿಯದು ಸುಳ್ಳೆಂದು ಹೇಳಲು ಸಾಕ್ಷಿಯೇ ಇರಲಿಲ್ಲ.

"ಪೆನ್ನು ತಾರೇ," ಎಂದರು.

ಬುಗುರಿ ಗಂಟು ಬಿಚ್ಚಿಕೊಂಡು ಹಾರಿದಳು. ಪೆನ್ನು, ಪತ್ರ, ಅಪ್ಪನ ತೊಡೆ, ಎಲ್ಲ ಒಟ್ಟಿಗೇ ಸಿಕ್ಕಿತು. ಅಪ್ಪ ಹಳೆಯ ಸಹಿಯ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ದೊಡ್ಡದಾಗಿ ಹೊಸ ಸಹಿ ಹಾಕಿ, ತಾರೀಕಿನ ಜಾಗದಲ್ಲಿ ಪೆನ್ನು ನಿಲ್ಲಿಸಿ ತಲೆಯೆತ್ತಿದರು.

"ಇವತ್ತು ಏನು ವಾರ?"

"ಭಾನುವಾರ!" ಎಂದು ಮೂವರೂ ಒಟ್ಟಿಗೇ ಕಿರುಚಿದ ಸದ್ದಿಗೆ, ಎದುರುಮನೆಯ ಐಸ್‌ಕ್ರೀಂ ದಂಪತಿ ಗಾಬರಿಯಿಂದ ಕಿಟಕಿಗೆ ಬಂದರು.